ಅನ್ಯಾಯಗಳನ್ನು ಕೂಡಿಸಿದರೆ ಲೆಕ್ಕ ಸಿಗುತ್ತದೆಯೇ?

ಪ್ರಶ್ನೆ: ಹೆಣ್ಣಾಗಿದ್ದಕ್ಕೆ ಒಂದಂಕ, ಬಣ್ಣಕ್ಕೊಂದು, ಬಡತನಕ್ಕೊಂದು ಎಂದು ಕೂಡಿಸುತ್ತಾ ಹೋಗುವುದೇ ತಾನೇ ಇಂಟರ್‌ಸೆಕ್ಷನಾಲಿಟಿ? ಕೊನೆಗದು ಯಾರ ಕಷ್ಟ ದೊಡ್ಡದು ಎಂಬ ಪೈಪೋಟಿಯಾಗುವುದಿಲ್ಲವೇ?

ಉತ್ತರ: ಅಲ್ಲ. ಲಿಂಗ, ಬಣ್ಣ, ಬಡತನದಂಥವು ಒಬ್ಬರಲ್ಲೇ ಸೇರಿದಾಗ ಹುಟ್ಟುವ ಬೇರೆಯೇ ತರದ ಅನ್ಯಾಯವನ್ನು ಗುರುತಿಸುವ ಬಗೆಯೇ ಇಂಟರ್‌ಸೆಕ್ಷನಾಲಿಟಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ನೆನಪಿಲ್ಲ. ಆದರೂ ಈ ಕೂಡಿಸುವ ಲೆಕ್ಕ ತಲೆಯಿಂದ ಇಳಿಯದೆ ಮುಂದಿನ ಯಾವ ಮಾತೂ ಹತ್ತುವುದಿಲ್ಲ. ಹಾಗಾಗಿ ಈ ಬಾರಿ ಒಂದೇ ಒಂದು ಮೊಕದ್ದಮೆಯನ್ನು ನಿಧಾನವಾಗಿ ನೋಡೋಣ.

ಅಮೆರಿಕದ ಜನರಲ್ ಮೋಟರ್ಸ್ 1964ಕ್ಕೆ ಮುಂಚೆ ಕಪ್ಪು ಮಹಿಳೆಯರನ್ನು ಕೆಲಸಕ್ಕೆ ಸೇರಿಸಿಕೊಂಡಿರಲಿಲ್ಲ. ಮುಂದೆ ಆರ್ಥಿಕ ಹಿಂಜರಿತ ಬಂದಾಗ ಸೀನಿಯಾರಿಟಿ ನೋಡಿ ಜನರನ್ನು ತೆಗೆದರು, ಕೊನೆಗೆ ಬಂದವರು ಮೊದಲು ಹೊರಗೆ. ನಿಯಮದಲ್ಲಿ ಬಣ್ಣದ ಮಾತಿಲ್ಲ, ಲಿಂಗದ ಮಾತೂ ಇಲ್ಲ. ಆದರೆ 1970ರ ನಂತರ ಸೇರಿದ್ದ ಕಪ್ಪು ಮಹಿಳೆಯರಷ್ಟೂ ಜನ ಕೆಲಸ ಕಳೆದುಕೊಂಡರು. ತಡವಾಗಿ ಬಂದದ್ದು ಅವರ ತಪ್ಪಾಗಿರಲಿಲ್ಲ, ಬಾಗಿಲೇ ತಡವಾಗಿ ತೆರೆದಿತ್ತು.

ಐವರು ಕೋರ್ಟಿಗೆ ಹೋದರು. 1976ರಲ್ಲಿ ಮಿಸೌರಿಯ ಫೆಡರಲ್ ನ್ಯಾಯಾಲಯ ಲಿಂಗ ತಾರತಮ್ಯದ ವಾದವನ್ನು ಒಪ್ಪಲಿಲ್ಲ. ಕಂಪನಿ ಮೊದಲಿಂದಲೂ ಹೆಂಗಸರನ್ನು ನೇಮಿಸಿಕೊಂಡಿದೆಯಲ್ಲ ಎಂಬುದು ಅದರ ಕಾರಣ. ಆ ಹೆಂಗಸರು ಬಿಳಿಯರು! ಬಣ್ಣದ ದೂರನ್ನು ಅದೇ ಕಂಪನಿಯ ಮೇಲಿದ್ದ ಇನ್ನೊಂದು ಕೇಸಿನೊಂದಿಗೆ ಸೇರಿಸಿ ಎಂದಿತು. ಎರಡನ್ನೂ ಬೆಸೆದು ಒಂದೇ ದೂರಾಗಿ ತರಲು ಮಾತ್ರ ಬಿಡಲಿಲ್ಲ.

ಈಗ ನೀವೇ ಕೂಡಿಸಿ. ‘ಹೆಣ್ಣು’ ಎಂಬ ಕಾಲಂನಲ್ಲಿ ಬಿಳಿ ಹೆಂಗಸರ ನೌಕರಿ ಕಾಣಿಸಿ ಸೊನ್ನೆ ಬಂತು. ಹಾಗೆಂದು ಆ ಐವರು ಹೆಂಗಸರಾಗಿದ್ದು ಲೆಕ್ಕಕ್ಕೇ ಇಲ್ಲವೇ? ಅವರಿಗಾದ ನಷ್ಟ ಎರಡೂ ಸೇರಿದ ಜಾಗದಲ್ಲೇ ಹುಟ್ಟಿದ್ದು. ಬಿಡಿಸಿ ಎರಡು ಕಡೆ ಇಟ್ಟ ಕೂಡಲೇ ಅದು ಮಾಯವಾಗುತ್ತದೆ. ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಇಂಟರ್‌ಸೆಕ್ಷನಾಲಿಟಿ ಎಂಬ ಪದವನ್ನು ಮುಂದಿಟ್ಟಾಗ ಚರ್ಚಿಸಿದ್ದು ಇದೇ ಮೊಕದ್ದಮೆಯನ್ನು. ರಸ್ತೆಗಳು ಕೂಡುವಲ್ಲಿ ಅಪಘಾತವಾದರೆ ಗಾಡಿ ಯಾವ ಕಡೆಯಿಂದಲೂ ಬಂದಿರಬಹುದು, ಕೆಲವೊಮ್ಮೆ ಎಲ್ಲ ಕಡೆಯಿಂದಲೂ ಎಂಬುದು ಅವರ ಹೋಲಿಕೆ.

ಪೈಪೋಟಿಯ ಮಾತಿಗೆ ಇಲ್ಲಿ ಜಾಗವೇ ಇಲ್ಲ. ಯಾರ ನೋವು ಹೆಚ್ಚು ಎಂದು ಆ ಐವರು ಕೇಳಲಿಲ್ಲ, ನಮ್ಮ ದೂರನ್ನು ಕೇಳಿಸಿಕೊಳ್ಳಿ ಎಂದರು.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳಬೇಕು: ಹೀಗೆ ಮರೆಯಾದವರನ್ನು ಅಂಕಿಅಂಶಗಳಲ್ಲಿ ಹುಡುಕುವುದು ಹೇಗೆ? ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಮೂರು ಸಾಫ್ಟ್‌ವೇರ್‌ಗಳನ್ನು ಸಂಶೋಧಕಿಯರಾದ ಜಾಯ್ ಬ್ಯೂಲಮ್‌ವಿನಿ ಮತ್ತು ಟಿಮ್ನಿಟ್ ಗೆಬ್ರು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ತಿಳಿಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8. ಕಡುಬಣ್ಣದ ಹೆಂಗಸರ ವಿಷಯದಲ್ಲಿ ಶೇ. 34.7ರವರೆಗೆ. ಸರಾಸರಿಯೊಂದನ್ನೇ ನೋಡಿದ್ದರೆ ಈ ಅಂತರ ಸಿಗುತ್ತಿರಲಿಲ್ಲ. ಬಣ್ಣವನ್ನು ಅಡ್ಡಸಾಲಿಗೆ, ಲಿಂಗವನ್ನು ಉದ್ದಸಾಲಿಗೆ ಹಾಕಿ, ನಾಲ್ಕು ಮನೆಗಳನ್ನೂ ಬೇರೆಬೇರೆಯಾಗಿ ಎಣಿಸಿದ್ದಕ್ಕೆ ಸಿಕ್ಕಿತು.