‘ದಾಖಲೆಯನ್ನು ಅಳಿಸುತ್ತದೆ’ ಎಂದಷ್ಟೇ ಬರೆದರೆ ಸಾಲದೇ?

ಓದುಗರ ಪ್ರಶ್ನೆ: ನಮ್ಮ ಅಂಗಡಿಯ ಗ್ರಾಹಕರ ಡೇಟಾಬೇಸ್ ನೋಡಿಕೊಳ್ಳಲು ಎಐ ಏಜೆಂಟ್ ಬಳಸುತ್ತಿದ್ದೇವೆ. ಈಗ ಅದಕ್ಕೆ ದಾಖಲೆ ಅಳಿಸುವ ಟೂಲ್ ಕೊಡಬೇಕಾಗಿದೆ. ವಿವರಣೆಯಲ್ಲಿ ‘ಗ್ರಾಹಕರ ದಾಖಲೆಯನ್ನು ಅಳಿಸುತ್ತದೆ’ ಎಂದು ಬರೆದರೆ ಸಾಲದೇ?

ಖಂಡಿತ ಸಾಲದು. ಏಜೆಂಟ್ ಎಂದರೆ ಹೇಳಿದ ಕೆಲಸವನ್ನು ತಾನೇ ಮಾಡುವ ಎಐ ಪ್ರೋಗ್ರಾಂ, ಟೂಲ್ ಎಂದರೆ ಆ ಕೆಲಸಕ್ಕೆ ಅದು ಬಳಸುವ ಪುಟ್ಟ ಪ್ರೋಗ್ರಾಂ. ಟೂಲ್‌ನ ಒಳಗಿನ ಕೋಡ್ ಸಾಮಾನ್ಯವಾಗಿ ಏಜೆಂಟ್‌ಗೆ ಕಾಣುವುದಿಲ್ಲ. ಅದರ ಹೆಸರು, ವಿವರಣೆ, ತುಂಬಬೇಕಾದ ಮಾಹಿತಿ, ಇಷ್ಟನ್ನೇ ಓದಿ ಅದು ತೀರ್ಮಾನಿಸುತ್ತದೆ. ಕಚೇರಿಗೆ ಹೊಸದಾಗಿ ಸೇರಿದ ಗುಮಾಸ್ತನಾದರೆ ಅನುಮಾನ ಬಂದಾಗ ಪಕ್ಕದ ಮೇಜಿನವರನ್ನು ಕೇಳುತ್ತಾನೆ. ಹಳೆಯ ಕಡತವನ್ನು ಹರಿಯುವ ಮುನ್ನ ಅವನ ಕೈ ಒಂದು ಕ್ಷಣ ತಡೆಯುತ್ತದೆ. ಏಜೆಂಟ್‌ಗೆ ಆ ಅಳುಕು ನೀವು ಬರೆಯುವ ನಾಲ್ಕಾರು ಸಾಲುಗಳಿಂದಲೇ ಬರಬೇಕು. ನಾನಾದರೆ ಹೀಗೆ ಬರೆಯುತ್ತೇನೆ:

‘ಗ್ರಾಹಕ ಸಂಖ್ಯೆ ಕೊಟ್ಟಾಗ ಆ ಒಬ್ಬರ ದಾಖಲೆಯನ್ನೂ ಅದಕ್ಕೆ ಸೇರಿದ ಎಲ್ಲ ಆರ್ಡರ್ ಮತ್ತು ವಿಳಾಸಗಳನ್ನೂ ಶಾಶ್ವತವಾಗಿ ಅಳಿಸುತ್ತದೆ. ಮರಳಿ ತರುವ ದಾರಿಯಿಲ್ಲ. ಖಾತೆ ಬೇಡವೆಂದು ಗ್ರಾಹಕರೇ ಕೇಳಿದ್ದು, ಸಿಬ್ಬಂದಿಯೂ ಆ ದಾಖಲೆಯನ್ನು ನೋಡಿ ಒಪ್ಪಿದ್ದರೆ ಮಾತ್ರ ಬಳಸಿ. ಖಾತೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಅಥವಾ ಎರಡೆರಡು ಬಾರಿ ದಾಖಲಾದವರನ್ನು ಒಂದುಗೂಡಿಸಲು ಬಳಸಬೇಡಿ.’

ಇಲ್ಲಿ ‘ಅದಕ್ಕೆ ಸೇರಿದ’ ಎಂಬ ಮಾತನ್ನು ಗಮನಿಸಿ. ಒಂದು ಸಾಲನ್ನು ಅಳಿಸಿದರೆ ಅದಕ್ಕೆ ಜೋಡಿಸಿದ ನೂರು ಸಾಲುಗಳೂ ತಾವಾಗಿ ಹೋಗುವಂತೆ ಡೇಟಾಬೇಸ್ ರಚಿಸಿರುವುದು ಸಾಮಾನ್ಯ. ಅದನ್ನು ಹೇಳದಿದ್ದರೆ ಏಜೆಂಟ್ ಊಹಿಸಬೇಕಾಗುತ್ತದೆ. ಸಂಖ್ಯೆಯನ್ನೇ ಕೇಳುವುದಕ್ಕೂ ಕಾರಣವಿದೆ: ನಮ್ಮ ಕಡೆ ಯಾವ ಗ್ರಾಹಕರ ಪಟ್ಟಿಯಲ್ಲಿ ನಾಲ್ಕು ಜನ ಮಂಜುನಾಥರಿಲ್ಲ? ಹೆಸರನ್ನು ಒಪ್ಪಿಕೊಳ್ಳುವ ಅಳಿಸುವ ಟೂಲ್ ಇಂದಲ್ಲ ನಾಳೆ ತಪ್ಪು ಮಂಜುನಾಥರನ್ನು ಅಳಿಸಿಯೇ ತೀರುತ್ತದೆ.

ಮರಳಿ ತರಬಹುದೋ ಇಲ್ಲವೋ ಎಂಬ ವಾಕ್ಯ ನಿಜವಾಗಿರಲೇಬೇಕು. 2025ರ ಜುಲೈನಲ್ಲಿ, ಕೋಡ್ ಬರೆಯುವ ಆನ್‌ಲೈನ್ ತಾಣವಾದ ರೆಪ್ಲಿಟ್‌ನ ಎಐ ಏಜೆಂಟ್ ಉದ್ಯಮಿ ಜೇಸನ್ ಲೆಮ್ಕಿನ್ ಅವರ ಚಾಲ್ತಿ ಡೇಟಾಬೇಸನ್ನು ಅಳಿಸಿತು. ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳು ಹೋದವು. ಹಿಂದಿನ ಸ್ಥಿತಿಗೆ ತರಲಾಗದು ಎಂದು ಏಜೆಂಟ್ ಹೇಳಿತ್ತು, ಆದರೆ ತರಲು ಸಾಧ್ಯವಾಯಿತು. ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಕೆಟ್ಟದ್ದು. 2017ರ ಜನವರಿ 31ರಂದು, ಕೋಡ್ ಸಂಗ್ರಹಿಸಿಡುವ ತಾಣವಾದ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಸುಮಾರು 300 ಜಿಬಿ ಡೇಟಾ ಅಳಿಸಿದಾಗ, ಇವೆಯೆಂದು ನಂಬಿದ್ದ ಬ್ಯಾಕಪ್‌ಗಳು ಕೈಕೊಟ್ಟಿದ್ದವು. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಪ್ರತಿಯೊಂದು ಉಳಿದಿತ್ತು. ‘30 ದಿನದೊಳಗೆ ಮರಳಿ ಪಡೆಯಬಹುದು’ ಎಂದು ಬರೆಯುವ ಮುನ್ನ ನಕಲಿ ದಾಖಲೆಯೊಂದನ್ನು ಅಳಿಸಿ, ನಿಜವಾಗಿಯೂ ಮರಳಿ ತಂದು ನೋಡಿ.

ದೋಷ ಸಂದೇಶವೂ ವಿವರಣೆಯ ಭಾಗವೇ. ‘ವಿಫಲವಾಗಿದೆ’ ಎಂದಷ್ಟೇ ಬಂದರೆ ಏಜೆಂಟ್ ಬೇರೊಂದು ಸಂಖ್ಯೆ ಹಾಕಿ ಪ್ರಯತ್ನಿಸಬಹುದು. ‘ಈ ಸಂಖ್ಯೆಯ ದಾಖಲೆ ಇಲ್ಲ, ಬಹುಶಃ ಆಗಲೇ ಅಳಿಸಲಾಗಿದೆ, ಬೇರೆ ಸಂಖ್ಯೆ ಊಹಿಸಬೇಡಿ, ಸಿಬ್ಬಂದಿಯನ್ನು ಕೇಳಿ’ ಎಂದು ಬಂದರೆ ನಿಲ್ಲುವ ಸಾಧ್ಯತೆ ಹೆಚ್ಚು.

ಸಾಧ್ಯತೆ ಎಂದೆ, ಖಾತರಿ ಎನ್ನಲಿಲ್ಲ. ಲೆಮ್ಕಿನ್ ಅವರ ಏಜೆಂಟ್‌ಗೂ ಏನನ್ನೂ ಬದಲಿಸಬಾರದು ಎಂಬ ಸೂಚನೆ ಸ್ಪಷ್ಟವಾಗಿಯೇ ಇತ್ತು. ಏಜೆಂಟ್‌ಗಳನ್ನು ಟೂಲ್‌ಗಳಿಗೆ ಜೋಡಿಸಲು ಎಐ ಕಂಪನಿ ಆಂತ್ರೋಪಿಕ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಲ್ಲಿ ಈಗ ‘ಡಿಸ್ಟ್ರಕ್ಟಿವ್ ಹಿಂಟ್’ (ವಿನಾಶದ ಸುಳಿವು) ಎಂಬ ಗುರುತು ಇದೆ. ಬದಲಾವಣೆ ಮಾಡಬಲ್ಲ ಟೂಲ್ ಬಗ್ಗೆ ಏನೂ ಹೇಳದಿದ್ದರೆ ಅದನ್ನು ವಿನಾಶಕಾರಿ ಎಂದೇ ಭಾವಿಸಬೇಕೆಂಬುದು ಅದರ ನಿಯಮ. ಬಹಳ ಒಳ್ಳೆಯ ನಿಯಮವಿದು. ಆದರೂ ಅದು ಬರೀ ಸುಳಿವು, ಬೀಗವಲ್ಲ.

ಬೀಗ ಕೋಡ್‌ನಲ್ಲಿರಬೇಕು. ಒಂದು ಕರೆಗೆ, ಅಂದರೆ ಏಜೆಂಟ್ ಟೂಲನ್ನು ಒಮ್ಮೆ ಬಳಸಿದರೆ, ಒಂದೇ ದಾಖಲೆ ಹೋಗಲಿ. ಮೊದಲ ಕರೆ ಏನೇನು ಅಳಿಯುತ್ತದೆ ಎಂಬ ಪಟ್ಟಿಯನ್ನಷ್ಟೇ ತೋರಿಸಲಿ. ಸಿಬ್ಬಂದಿಯೊಬ್ಬರು ಅದನ್ನು ಓದಿ ತಮ್ಮ ಪರದೆಯಲ್ಲಿ ಒಪ್ಪಿಗೆ ಒತ್ತಿದ ಮೇಲೆಯೇ ಎರಡನೆಯ ಕರೆ ನಡೆಯಲಿ. ಆ ಒಪ್ಪಿಗೆಯ ಗುಂಡಿ ಮಾತ್ರ ಏಜೆಂಟ್‌ನ ಕೈಗೆ ಎಟುಕದ ಕಡೆ ಇರಲಿ.