ಅರಿಶಿನ ಬೇಡ, ನೀರು ಬದಲಿಸಿ

ಏಪ್ರಿಲ್‌ನ ಒಂದು ಮಧ್ಯಾಹ್ನ ಡಿಗ್ರಿ ಓದುವ ಹುಡುಗನೊಬ್ಬ ಐಸ್‌ಕ್ರೀಂ ಡಬ್ಬಿ ಹಿಡಿದು ನನ್ನ ಕ್ಲಿನಿಕ್‌ಗೆ ಬಂದ. ಹಿಂದೆಯೇ ಅವನ ಅಮ್ಮ. ಚಿಕ್ಕಮಗಳೂರಿನಲ್ಲಿ ನನಗೆ ದಿನಾ ಸಿಗುವುದು ಕೆಚ್ಚಲು ಬಾವಿನ ಹಸು, ಉಣ್ಣೆ ಹತ್ತಿದ ನಾಯಿ. ಡಬ್ಬಿ ತೆರೆದರೆ ಒಳಗೆ ಗೇಣುದ್ದವೂ ಇಲ್ಲದ ತಿಳಿ ಗುಲಾಬಿ ಜೀವ, ಆಕ್ಸೊಲಾಟಲ್. ತಲೆಯ ಎರಡೂ ಬದಿ ಗರಿಯಂಥ ಕಿವಿರು. ಒಂದು ಮುಂಗಾಲು ಅರ್ಧಕ್ಕೇ ಮುಗಿದಿತ್ತು. ಗಾಯದ ಸುತ್ತ ಹಳದಿ ಬಣ್ಣ.

“ಅರಿಶಿನ ಹಚ್ಚಿದೀವಿ ಡಾಕ್ಟ್ರೇ” ಎಂದರು ಅಮ್ಮ.

ಮಕ್ಕಳ ಮಂಡಿಗೂ ದನದ ಗೊರಸಿಗೂ ಅರಿಶಿನ ಹಚ್ಚಿ ವಾಸಿ ಮಾಡಿದ ಕೈ ಅದು. ಬೈಯಲು ಮನಸ್ಸಾಗಲಿಲ್ಲ. ಆದರೆ ಆಕ್ಸೊಲಾಟಲ್ ಮೀನಲ್ಲ, ಕಪ್ಪೆಯ ಕಡೆಯ ನೆಂಟ. ಕಿವಿರಿನ ಜೊತೆ ಚರ್ಮದಿಂದಲೂ ಉಸಿರಾಡುತ್ತದೆ. ಆ ತೆಳು ಚರ್ಮಕ್ಕೆ ಏನು ತಾಗಿದರೂ ಸುಲಭವಾಗಿ ಒಳಗಿಳಿಯುತ್ತದೆ. ಅರಿಶಿನ, ಬೆಟಾಡಿನ್, ಮನೆಯಲ್ಲಿರುವ ಮುಲಾಮು, ಯಾವುದೂ ಬೇಡ. ಬ್ಯಾಂಡೇಜ್ ಅಂತೂ ಬೇಡವೇ ಬೇಡ.

“ಕಾಲು ಮತ್ತೆ ಬರುತ್ತಾ ಸಾರ್?” ಎಂದ ಹುಡುಗ. ಬರುತ್ತದೆ. ಹಲ್ಲಿಯ ಬಾಲದಂತೆ ಹೇಗೋ ಬಂದಷ್ಟು ಅಲ್ಲ. ಹಲ್ಲಿಗೆ ಮತ್ತೆ ಬೆಳೆಯುವ ಬಾಲದಲ್ಲಿ ಮೂಳೆ ಇರುವುದಿಲ್ಲ, ಬರೀ ಮೃದ್ವಸ್ಥಿ. ಇದಕ್ಕೆ ಮೂಳೆ, ಸ್ನಾಯು, ನರ, ಬೆರಳು ಎಲ್ಲ ಸೇರಿದ ಕಾಲೇ ಬೆಳೆಯುತ್ತದೆ. 1864ರಲ್ಲಿ ಮೆಕ್ಸಿಕೊದಿಂದ 34 ಆಕ್ಸೊಲಾಟಲ್‌ಗಳು ಪ್ಯಾರಿಸ್‌ಗೆ ಹೋದವು. ಅಂದಿನಿಂದ ವಿಜ್ಞಾನಿಗಳು ಇದರ ಬೆನ್ನು ಬಿಟ್ಟಿಲ್ಲ. ಇತ್ತ ಅದರ ತವರಾದ, ಮೆಕ್ಸಿಕೊ ಸಿಟಿಯ ಸೋಚಿಮಿಲ್ಕೊದ ಕಾಲುವೆಗಳಲ್ಲಿ ಈಗ ಹುಡುಕಿದರೂ ಸಿಗುವುದು ಕಷ್ಟ.

ಹಾಗಾಗಿ ಕಾಲಿನ ಚಿಂತೆ ನಮಗೆ ಬೇಡ, ಅದನ್ನು ಅದೇ ನೋಡಿಕೊಳ್ಳುತ್ತದೆ. ಕಾಲು ಹೋದದ್ದಕ್ಕೆ ಸತ್ತ ಆಕ್ಸೊಲಾಟಲ್ ನಾನು ನೋಡಿಲ್ಲ. ಕೆಟ್ಟ ನೀರು, ಸೆಕೆಗೆ ಸತ್ತದ್ದನ್ನು ನೋಡಿದ್ದೇನೆ.

“ಯಾವ ನೀರು ಹಾಕ್ತಿದ್ದೀಯಪ್ಪ?” ಎಂದೆ. “ಆರ್‌ಒ ನೀರು ಸಾರ್, ಪ್ಯೂರ್” ಎಂದ ಹೆಮ್ಮೆಯಿಂದ. ನಮಗೆ ಪ್ಯೂರ್ ಆದದ್ದು ಅದಕ್ಕೆ ಬರಡು. ಆರ್‌ಒ ಯಂತ್ರ ಲವಣಗಳನ್ನೆಲ್ಲ ತೆಗೆದುಬಿಡುತ್ತದೆ. ಆಕ್ಸೊಲಾಟಲ್‌ಗೆ ಸ್ವಲ್ಪ ಗಡಸು ನೀರೇ ಹಿತ. ನಲ್ಲಿ ನೀರು ಸಾಕು, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿಯನ್ನು ಸೀಸೆಯ ಮೇಲೆ ಬರೆದ ಅಳತೆಯಲ್ಲಿ ಹಾಕಿ. ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟರೂ ಬರೀ ಕ್ಲೋರಿನ್ ಆದರೆ ಹಾರಿಹೋಗುತ್ತದೆ.

ಗಾಯವಾದ ಪ್ರಾಣಿಯನ್ನು ದೊಡ್ಡ ತೊಟ್ಟಿಯಲ್ಲಿ ಬಿಡಬೇಡಿ. ಸೋಪು ಮುಟ್ಟದ ಒಂದು ಪ್ಲಾಸ್ಟಿಕ್ ಟಬ್ ತನ್ನಿ. ಕಲ್ಲು, ಮರಳು ಏನೂ ಬೇಡ. ಅವಿತುಕೊಳ್ಳಲು ಒಂದು ತುಂಡು ಪಿವಿಸಿ ಪೈಪ್ ಸಾಕು. ದಿನಕ್ಕೊಮ್ಮೆ ಪೂರ್ತಿ ನೀರು ಬದಲಿಸಿ, ಹೊಸ ನೀರೂ ಅಷ್ಟೇ ತಂಪಿರಲಿ. ಫಿಲ್ಟರ್ ಇಲ್ಲದ ಟಬ್‌ನಲ್ಲಿ ಅದರ ಹೇಲುಚ್ಚೆಯಿಂದಲೇ ಅಮೋನಿಯಾ ಸೇರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಕಿವಿರನ್ನು ಸುಡುತ್ತದೆ. ಎತ್ತುವಾಗ ಬಲೆ ಬಳಸಬೇಡಿ, ಕಿವಿರು ಸಿಕ್ಕಿಕೊಳ್ಳುತ್ತದೆ. ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿ.

ಇನ್ನು ಸೆಕೆ. ಇದಕ್ಕೆ ಬೇಕಾದದ್ದು 16ರಿಂದ 18 ಡಿಗ್ರಿ. 24 ದಾಟಿದರೆ ಒದ್ದಾಟ ಶುರು. ನಮ್ಮ ಊರು ತಂಪು ಎನ್ನುವುದು ಸ್ವೆಟರ್ ಹಾಕಿಕೊಳ್ಳುವವರ ಮಾತು. ಏಪ್ರಿಲ್‌ನಲ್ಲಿ ಆರ್‌ಸಿಸಿ ಮನೆಯ ಮಹಡಿ ಕೋಣೆ ಎಷ್ಟು ಕಾಯುತ್ತದೆ ನಿಮಗೇ ಗೊತ್ತಲ್ವಾ? ಅವರ ತೊಟ್ಟಿ ಇದ್ದದ್ದು ಅಲ್ಲೇ. ಅದೃಷ್ಟಕ್ಕೆ ಹಿಂದೆ ಹಂಚಿನ ಹಳೇ ಮನೆ ಹಾಗೇ ಇತ್ತು. ಅದರ ಗಾರೆ ನೆಲದ ಮೇಲೆ ಟಬ್ ಇಡಿಸಿದೆ. ನೀರಿನ ಮೇಲೆ ಗಾಳಿ ಆಡುವಂತೆ ಒಂದು ಟೇಬಲ್ ಫ್ಯಾನ್. ಫ್ರೀಜರ್‌ನಲ್ಲಿ ಗಟ್ಟಿ ಮಾಡಿದ ಅರ್ಧ ಲೀಟರ್ ನೀರಿನ ಬಾಟಲಿ ಎರಡು, ಒಂದರ ನಂತರ ಒಂದು ಟಬ್‌ನಲ್ಲಿ. ಐಸ್ ತುಂಡನ್ನೇ ಸುರಿಯಬೇಡಿ, ಒಮ್ಮೆಲೇ ತಣ್ಣಗಾದರೂ ಅದಕ್ಕೆ ಕಷ್ಟ. ಟಬ್ಬನ್ನೇ ಫ್ರಿಜ್‌ನಲ್ಲಿಡುವ ವಿಡಿಯೊ ನೋಡಿ ಸುಮ್ನೆ ಪ್ರಯೋಗ ಮಾಡಬೇಡಿ.

ಗಾಯದ ಮೇಲೆ ಬಿಳಿ ಹತ್ತಿಯಂತೆ ಏನಾದರೂ ಕಂಡರೆ ಅದು ಬೂಷ್ಟು. ಆಗ ಮಾತ್ರ ಉಪ್ಪುನೀರಿನ ಸ್ನಾನ: ಅಯೋಡಿನ್ ಇಲ್ಲದ ಉಪ್ಪು ಲೀಟರಿಗೆ 2 ಟೀ ಚಮಚ, ಹತ್ತೇ ನಿಮಿಷ. ಜಾಸ್ತಿ ಹೊತ್ತಾದರೆ ಕಿವಿರಿಗೇ ಪೆಟ್ಟು. ಹೊಟ್ಟೆ, ಕಾಲಿನಲ್ಲಿ ಕೆಂಪು ಹರಡುತ್ತಿದ್ದರೆ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಬನ್ನಿ, ಅದಕ್ಕೆ ಆಂಟಿಬಯೊಟಿಕ್ ಬೇಕಾಗಬಹುದು. ಕಿವಿರು ಮುಂದಕ್ಕೆ ಬಾಗಿದೆ, ಬಾಲದ ತುದಿ ಸುರುಳಿಯಾಗಿದೆ ಎಂದರೆ ಮೊದಲು ನೀರನ್ನು ಅನುಮಾನಿಸಿ.

ಊಟಕ್ಕೆ ಎರೆಹುಳಕ್ಕಿಂತ ಒಳ್ಳೆಯದಿಲ್ಲ. ನಮ್ಮಲ್ಲಿ ಎರೆಹುಳಕ್ಕೇನು ಬರ, ತೋಟಕ್ಕೆ ಹೋಗಿ ಅಗೆದರಾಯಿತು ಎಂದುಕೊಳ್ಳಬೇಡಿ. ಕಾಫಿ, ಅಡಿಕೆ ತೋಟದಲ್ಲಿ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಈ ಜಾತಿಯ ಪ್ರಾಣಿಗಳಿಗೆ ತಾಮ್ರ ವಿಷ. ಔಷಧಿ ಬೀಳದ ಹಿತ್ತಲಿನ ಹುಳ ಹುಡುಕಿ, ತೊಳೆದು ಕೊಡಿ.

ಕಾಲು ಹೋದದ್ದು ಹೇಗೆ ಎಂಬುದು ಕೊನೆಗೆ ಹೊರಬಂತು. ಎರಡಡಿ ತೊಟ್ಟಿಯಲ್ಲಿ ಎರಡು ಮರಿ. ಪರೀಕ್ಷೆ ಸಮಯ, ನಾಲ್ಕು ದಿನ ಊಟ ಹಾಕಲು ಮರೆತಿದ್ದ. ಹಸಿದಾಗ ಇವು ಎದುರು ಅಲುಗಾಡಿದ್ದನ್ನೆಲ್ಲ ಬಾಯಿಗೆ ಹಾಕುತ್ತವೆ. ಅದು ತಮ್ಮನ ಕಾಲೋ ಹುಳವೋ ನೋಡುವುದಿಲ್ಲ.

ಇನ್ನೊಂದು ಮಾತು. ಆಕ್ಸೊಲಾಟಲ್ ಸೈಟಿಸ್, ಅಂದರೆ ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ಅಂಥ ಪ್ರಾಣಿ ಸಾಕುವವರು ಅರಣ್ಯ ಇಲಾಖೆಗೆ ಸರ್ಕಾರದ ಪರಿವೇಶ್ ವೆಬ್ ಪೋರ್ಟಲ್ ಮೂಲಕ ನೋಂದಣಿ ಮಾಡಿಸಬೇಕೆಂಬ ನಿಯಮ 2024ರಲ್ಲಿ ಬಂದಿದೆ. ಹುಡುಗನಿಗೆ ಗೊತ್ತಿರಲಿಲ್ಲ, ಮಾರಿದವನೂ ಹೇಳಿರಲಿಲ್ಲ.

ಮೂರನೇ ವಾರಕ್ಕೆ ಗಾಯದ ತುದಿಯಲ್ಲಿ ಮೊಗ್ಗಿನಂಥ ಉಬ್ಬು. ಜೂನ್ ಕೊನೆಗೆ, ಮಳೆ ಹಿಡಿದಿದ್ದಾಗ, ಮತ್ತೆ ಅದೇ ಡಬ್ಬಿ ಬಂತು. ಹೊಸ ಕಾಲು ಇನ್ನೊಂದಕ್ಕಿಂತ ಸಣ್ಣದು, ಬಣ್ಣವೂ ತೆಳು.

“ನಾಲ್ಕೇ ಬೆರಳು ಬಂದಿದೆಯಲ್ಲ ಡಾಕ್ಟ್ರೇ?” ಎಂದು ಅಮ್ಮ ಎಣಿಸಿ ತೋರಿಸಿದರು.

“ಮುಂಗಾಲಿಗೆ ಇರುವುದೇ ನಾಲ್ಕು ಅಮ್ಮ. ಆ ಕಾಲೂ ಎಣಿಸಿ ನೋಡಿ.”

ಎಣಿಸಿದರು. ಆಮೇಲೆ ಹಿಂಗಾಲನ್ನೂ ಎಣಿಸಿದರು.