ಉದ್ದ ಲೆನ್ಸ್, ಟೆಲಿಕನ್ವರ್ಟರ್: ಫೋಟೋ ಮಸುಕಾದದ್ದು ಯಾಕೆ?

ಮಲ್ಪೆ ಬಂದರಿನಲ್ಲಿ ಮೀನಿನ ಬೋಟುಗಳ ಮೇಲೆ ಗರುಡಗಳು ಸುತ್ತುತ್ತಿರುತ್ತವೆ. ಅವನ್ನು ಹತ್ತಿರ ತರಲು 300 ಎಂಎಂ ಲೆನ್ಸ್ ಸಾಲದು ಅಂತ ಟೆಲಿಕನ್ವರ್ಟರ್ (ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರಿಸಿ ಚಿತ್ರ ಹಿಗ್ಗಿಸುವ ಗಾಜು) ಹಾಕುತ್ತೇವೆ. ಫೋಟೋ ಮಸುಕಾದರೆ ಬೈಗುಳವೂ ಅದಕ್ಕೇ. ಆದರೆ ಮಸುಕಿಗೆ ಬೇರೆ ಬೇರೆ ಕಾರಣಗಳಿರುತ್ತವೆ, ಯಾವುದು ಅಂತ ಫೋಟೋದಲ್ಲೇ ಗೊತ್ತಾಗುತ್ತದೆ.

ತೆಗೆದ ಫೋಟೋವನ್ನು ಪೂರ್ತಿ ಝೂಮ್ ಮಾಡಿ ಹಕ್ಕಿಯ ಕಣ್ಣನ್ನು ನೋಡಿ. ಕಣ್ಣಿನ ಹೊಳಪಿನ ಚುಕ್ಕೆ ಗೆರೆಯಾಗಿ ಎಳೆದುಕೊಂಡಿದೆಯೇ? ಪಕ್ಕದ ಬೋಟಿನ ಹಗ್ಗವೂ ಹಾಗೇ ಇದ್ದರೆ ಕ್ಯಾಮೆರಾ ಅಲುಗಿದೆ. ಹಗ್ಗ ಸರಿಯಿದ್ದರೆ ಹಕ್ಕಿಯ ವೇಗಕ್ಕೆ ಶಟರ್ ಸಾಲಲಿಲ್ಲ. ಕಣ್ಣು ಮಸುಕಾಗಿ ರೆಕ್ಕೆಯ ತುದಿ ಮಾತ್ರ ಚೂಪಾಗಿದ್ದರೆ ಫೋಕಸ್ ತಪ್ಪಿದೆ. 600 ಎಂಎಂ, ಎಫ್ 8ರಲ್ಲಿ (ಎಫ್ ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಂಡಿಯ ಅಳತೆ, ಸಂಖ್ಯೆ ಏರಿದಷ್ಟೂ ಕಂಡಿ ಚಿಕ್ಕದು) 20 ಮೀಟರ್ ದೂರಕ್ಕೆ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲೂ ಚೂಪಾಗಿ ಬರುವುದು ಸುಮಾರು ಅರ್ಧ ಮೀಟರ್ ಆಳ ಅಷ್ಟೇ.

ನಮ್ಮ ಕರಾವಳಿಯಲ್ಲಿ ಜಾಸ್ತಿ ಕಾಡುವುದು ಬಿಸಿ ಗಾಳಿ. ಕಾಪುವಿನಲ್ಲಿ 1901ರ ಲೈಟ್‌ಹೌಸ್ ಇದೆಯಲ್ಲ, ಅದರ ಕಪ್ಪು ಬಿಳುಪು ಪಟ್ಟೆಗಳನ್ನು ದೂರದ ಮರಳಿನಿಂದ ಬೆಳಗ್ಗೆ 7ಕ್ಕೆ ಒಮ್ಮೆ, ಮಧ್ಯಾಹ್ನ 12ಕ್ಕೆ ಒಮ್ಮೆ ತೆಗೆದು ನೋಡಿ. ಬಿಸಿಲೇರಿದಾಗ ಪಟ್ಟೆಯ ಅಂಚು ನೀರೊಳಗೆ ಕಂಡಂತೆ ಅಂಕುಡೊಂಕಾಗುತ್ತದೆ. ಸಾಲಾಗಿ ಹತ್ತು ತೆಗೆದರೆ ಹತ್ತೂ ಬೇರೆ ಬೇರೆ. ಟ್ರೈಪಾಡ್, ಸ್ಟೆಬಿಲೈಸರ್ (ಕೈ ಅಲುಗಾಟ ಸರಿದೂಗಿಸುವ ವ್ಯವಸ್ಥೆ), ದುಬಾರಿ ಲೆನ್ಸ್, ಯಾವುದೂ ಇದಕ್ಕೆ ಮದ್ದಲ್ಲ. ಬೆಳಗ್ಗೆ ಬೇಗ ಹೋಗಬೇಕು, ಇಲ್ಲವೇ ಹತ್ತಿರ ಹೋಗಬೇಕು.

ಇನ್ನು ಕನ್ವರ್ಟರ್ ಲೆಕ್ಕ. 300 ಎಂಎಂ ಎಫ್ 4 ಲೆನ್ಸಿಗೆ 1.4ರ ಕನ್ವರ್ಟರ್ ಹಾಕಿದರೆ 420 ಎಂಎಂ, ಎಫ್ 5.6, ಬೆಳಕು ಅರ್ಧ. 2ರದ್ದು ಹಾಕಿದರೆ 600 ಎಂಎಂ, ಎಫ್ 8. ಬೆಳಕು ಕಾಲು ಭಾಗ. ಈ 600 ಎಂಎಂ ಅನ್ನು ಕೈಯಲ್ಲಿ ಹಿಡಿದರೆ ಶಟರ್ ಕನಿಷ್ಠ 1/600 ಸೆಕೆಂಡ್ ಬೇಕು, 1.5 ಕ್ರಾಪ್ ಕ್ಯಾಮೆರಾ (ಚಿಕ್ಕ ಸೆನ್ಸರಿನದ್ದು) ಆದರೆ 1/900. ಸ್ಟೆಬಿಲೈಸರ್ ಇದ್ದರೆ ಕೂತ ಹಕ್ಕಿಗೆ ಇನ್ನೂ ಕಡಿಮೆ ನಡೆಯುತ್ತದೆ. ಆದರೆ ಅದು ತಡೆಯುವುದು ನಮ್ಮ ಕೈಯನ್ನು, ಹಕ್ಕಿಯ ರೆಕ್ಕೆಯನ್ನಲ್ಲ. ಹಾರುವ ಗರುಡನಿಗೆ ನಾನು 1/2000ಕ್ಕಿಂತ ಇಳಿಯುವುದೇ ಇಲ್ಲ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ, ಹೆದರಬೇಡಿ. ಅದರಿಂದ ಬರುವ ನಾಯ್ಸ್, ಅಂದರೆ ಕಾಳು ಕಾಳು ಚುಕ್ಕೆ, ಆಮೇಲೆ ಕಡಿಮೆ ಮಾಡಬಹುದು, ಎಳೆದುಕೊಂಡ ಕಣ್ಣನ್ನು ಸರಿ ಮಾಡಲಾಗುವುದಿಲ್ಲ.

ಎಫ್ 6.3ರ ಝೂಮ್ ಲೆನ್ಸಿಗೆ 2ರ ಕನ್ವರ್ಟರ್ ಸುಮ್ನೆ ದುಡ್ಡು ದಂಡ ಅಂತ ನನ್ನ ಅಭಿಪ್ರಾಯ. ಎಫ್ 13 ಆಗುತ್ತದೆ, ಹೆಚ್ಚಿನ ಡಿಎಸ್‌ಎಲ್‌ಆರ್‌ಗಳಲ್ಲಿ ಆಟೋಫೋಕಸ್ ಎಫ್ 8ರ ಆಚೆಗೆ ಕೆಲಸ ಮಾಡುವುದಿಲ್ಲ. ಕನ್ವರ್ಟರ್ ಲೆನ್ಸಿನ ಕುಂದನ್ನೂ ಹಿಗ್ಗಿಸುತ್ತದೆ. ಹಾಗಾಗಿ ಕೊಳ್ಳುವ ಮುಂಚೆ ಗೆಳೆಯರದ್ದನ್ನು ಕೇಳಿ ಪಡೆದು, ಕ್ಯಾಮೆರಾ ಟ್ರೈಪಾಡ್ ಮೇಲಿಟ್ಟು ಒಂದೇ ವಸ್ತುವನ್ನು ಕನ್ವರ್ಟರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಕ್ಲಿಕ್ ಮಾಡಿ. ಕನ್ವರ್ಟರ್ ಇಲ್ಲದ ಫೋಟೋವನ್ನು ಅಷ್ಟೇ ದೊಡ್ಡದು ಮಾಡಿ ಪಕ್ಕದಲ್ಲಿಡಿ. ಗರಿಯ ಎಳೆಗಳು ಎರಡರಲ್ಲೂ ಅಷ್ಟೇ ಕಂಡರೆ ಕನ್ವರ್ಟರ್ ಬೇಡ, ಫೋಟೋವನ್ನು ಕತ್ತರಿಸಿಕೊಂಡರೆ ಸಾಕು.

ಮರೆಯುವ ಮುಂಚೆ ಇನ್ನೊಂದು: ಎಸಿ ರೂಮಿನಿಂದ ನೇರವಾಗಿ ಹೊರಗೆ ತಂದ ಲೆನ್ಸ್ ಈ ಸೆಕೆಗೆ ಬೆವರುತ್ತದೆ. ಒರೆಸುತ್ತಾ ಕೂರಬೇಡಿ, ಬ್ಯಾಗಿನ ಜಿಪ್ ತೆರೆಯದೆ ಅರ್ಧ ಗಂಟೆ ಹೊರಗಿಡಿ. ಕಡಲ ಗಾಳಿಯ ಉಪ್ಪು ಗಾಜಿಗೆ ಕೂತಿದೆಯೇ ಅಂತಲೂ ಆಗಾಗ ನೋಡಿಕೊಳ್ಳಿ.